ವಾಣಕ್ಕೆ ಕೊಟ್ಟ ಕಾವಲುಗಾರ

“ಚಹಾ ಸೋಸೋ ಗಾಳಣಿ ಕೊಟ್ರ ನಿಮ್ಮ ಮರ್ಯಾದಿ ಹೋಗತದೇನ್ರಿ? ಮಂದಿ ಮುಂಜಾನೆದ್ದು ಕುಡಿಯೂದು ಚಹಾನ ಹೌದಲ್ಲೋ?”

ಎದುರುಮನೆಯ ಇಂದೂ ಇದನ್ನು ಕೇಳಿದ್ದು ತನ್ನ ಗಂಡನನ್ನು. ಕೇಳಿಸಿದ್ದು ಮಾತ್ರ ಇಡೀ ಎರಡನೇ ಮಹಡಿಗೆ. ನಮ್ಮಿಬ್ಬರ ಬಾಗಿಲು ಎದುರುಬದುರು. ಪುಣೆಯ ಬಿಬ್ವೇವಾಡಿಯ ನಮ್ಮ ಸೊಸೈಟಿಯನ್ನು ಕಟ್ಟಿದ ಬಿಲ್ಡರು ಸಿಮೆಂಟಿನ ವಿಷಯದಲ್ಲಿ ಬಹಳ ಮಿತವ್ಯಯದ ಮನುಷ್ಯ. ಹೀಗಾಗಿ ಗೋಡೆಗೆ ಕಿವಿಗೊಡುವ ಪಾಪ ನನಗೆ ಎಂದೂ ಅಂಟಿಲ್ಲ. ಗೋಡೆಯೇ ಬಂದು ಹೇಳಿಹೋಗುತ್ತದೆ.

“ಗಾಳಣಿ ಯಾರು ಬೇಕಾದವರೂ ಕೊಡ್ತಾರ, ಇಂದೂ,” ಎಂದರು ಮಾರ್ತಾಂಡರಾಯರು, ಊರಿಗೆ ಕೆರೆ ಕಟ್ಟಿಸುವವರ ಧಾಟಿಯಲ್ಲಿ. “ನಾವು ರಕ್ಷಣಾ ಕೊಡೂಣು.”

ರಕ್ಷಣೆಯ ಕಥೆ ಆಮೇಲೆ. ಮೊದಲು ಗಾಳಣಿಯದು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯ ಹೆಂಗಸರು ಸಂಜೆ ಹೊತ್ತು ತಮ್ಮ ಮನೆಯಲ್ಲಿ ಸಿಗುವುದಿಲ್ಲ. ಇವತ್ತು ಇವರ ಮನೆಯಲ್ಲಿ ಅರಿಷಿಣ ಕುಂಕುಮ, ನಾಳೆ ಅವರ ಮನೆಯಲ್ಲಿ. ಹೋದವರಿಗೆ ಎಳ್ಳುಂಡೆ, ಜೊತೆಗೆ ಉಪಯೋಗಕ್ಕೆ ಬರುವ ಸಣ್ಣದೊಂದು ವಸ್ತು. ಅದಕ್ಕೆ ಇಲ್ಲಿ ವಾಣ ಎನ್ನುತ್ತಾರೆ. ಸ್ಟೀಲಿನ ಬಟ್ಟಲು, ಬಾಚಣಿಗೆ, ಸೋಪಿನ ಡಬ್ಬಿ, ಹೀಗೆ. ಇದಕ್ಕೊಂದು ಗಟ್ಟಿ ನಿಯಮವಿದೆ. ಪಡೆದ ವಾಣವನ್ನು ತಿರುಗಿ ಕೊಡುವಂತಿಲ್ಲ, ಕಸಕ್ಕೆ ಎಸೆಯುವಂತಿಲ್ಲ. ಹಾಗೆ ಮಾಡಿದರೆ ಕೊಟ್ಟವಳ ಮುತ್ತೈದೆತನವನ್ನೇ ಹೊರಗೆ ಹಾಕಿದಂತೆ. ಈ ನಿಯಮ ನೆನಪಿನಲ್ಲಿರಲಿ. ಮುಂದೆ ಇದೇ ನಮ್ಮೆಲ್ಲರ ಕತ್ತು ಹಿಡಿಯುವುದು.

ಇಂದೂ ಧಾರವಾಡದಿಂದ ಬಂದು ಎಷ್ಟೋ ವರ್ಷ ಬಾಡಿಗೆಯ ಒಂಟಿ ಕೋಣೆಯಲ್ಲಿದ್ದವಳು. ಕಂಡವರ ಮನೆಗೆಲ್ಲ ಹೋಗಿ ವಾಣ ತಂದಿದ್ದಳು. ಅವಳ ಅಡಿಗೆಮನೆಯ ತುಂಬ ಬೇರೆಯವರ ಬಟ್ಟಲುಗಳೇ. ಸ್ವಂತ ಮನೆಯಾದ ಮೇಲೆ ಮೊದಲ ಸಲ ಅವಳೂ ನಾಲ್ಕು ಜನರನ್ನು ಕರೆಯುವವಳಿದ್ದಳು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಮೂರನೇ ಮಹಡಿಯಲ್ಲಿ ಸೊಸೈಟಿಯ ಸೆಕ್ರೆಟರಿ ಕೃಷ್ಣಾಜಿಯವರ ಹೆಂಡತಿ ಶಾಮಲಾತಾಯಿ ಇದ್ದಾರೆ. ರಥಸಪ್ತಮಿಯ ದಿನದ ಕೊನೆಯ ಅರಿಷಿಣ ಕುಂಕುಮ ಅವರದು. ಅಲ್ಲಿಗೆ ಕರೆ ಬಂದರೆ ಈ ಕಟ್ಟಡದಲ್ಲಿ ನೀವು ‘ನಮ್ಮವರು’. ಬರದಿದ್ದರೆ ಸುಮ್ಮನೆ ಮೆಂಟೆನನ್ಸ್ ತುಂಬುವವರು. ಇಂದೂಗೆ ಎಂದೂ ಕರೆ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ, ಆದರೆ ಅದರಿಂದ ನನಗೇನೂ ಅನ್ನಿಸುವುದಿಲ್ಲ ಎಂದು ನಾನು ಪ್ರತಿ ವರ್ಷವೂ ಹೇಳಿಕೊಳ್ಳುತ್ತಿದ್ದೆ.

ಅದಕ್ಕೇ ಅವಳು ತುಳಶೀಬಾಗಿನ ಪೇಟೆಗೆ ಹೋಗಿ ಒಂದೊಂದು ಗಾಳಣಿಯನ್ನೂ ಬೆಳಕಿಗೆ ಹಿಡಿದು, ಜಾಲರಿ ನೋಡಿ ಆರಿಸಿ ತಂದಿದ್ದಳು. ಈಗ ಗಂಡ ಅದನ್ನು ಅಟ್ಟಕ್ಕೆ ಹಾಕು ಎನ್ನುತ್ತಿದ್ದ.

ಮಾರ್ತಾಂಡರಾಯರು ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಲೆಕ್ಕಪತ್ರ ನೋಡುವವರು. ತೊಂಬತ್ತಾರರಲ್ಲಿ ಮನೆಗೆ ಕಂಪ್ಯೂಟರ್ ತಂದರು. ಅದು ಬಂದ ದಿನದಿಂದ ಅವರು ನಡೆಯುವ ರೀತಿಯೇ ಬದಲಾಯಿತು. ಮೆಟ್ಟಿಲು ಇಳಿಯುವಾಗ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಕೆಳಗಿನವರೆಲ್ಲ ಇನ್ನೂ ಹಲಗೆ ಬಳಪದಲ್ಲಿದ್ದಾರೆ ಎಂಬಂತೆ ಇಳಿಯುತ್ತಿದ್ದರು. ಯಂತ್ರಕ್ಕೆ ಹೆಂಡತಿಯ ಇಳಕಲ್ ಸೀರೆಯ ಸೆರಗಿನಿಂದ ಹೊದಿಕೆ ಹೊಲಿಸಿದರು. ಸೀರೆ ಹಳೆಯದಾಗಿತ್ತೇ ಎಂದು ನಾನು ಇಂದೂಳನ್ನು ಕೇಳಿದೆ. ಈಗ ಆಗೇದ ಎಂದಳು.

ಆ ಕಂಪ್ಯೂಟರಿಗೆ ಕಾವಲು ಕಾಯಲು ‘ಪ್ರಹರಿ’ ಎಂಬ ಆಂಟಿವೈರಸ್ ಇತ್ತು. ಕಚೇರಿಯ ಯಾರೋ ಒಂದು ಫ್ಲಾಪಿಯಲ್ಲಿ ಇಳಿಸಿಕೊಟ್ಟದ್ದು. ಪ್ರತಿ ಸೋಮವಾರ ಸ್ನಾನ ಮಾಡಿ ಬಂದು ರಾಯರು ಪ್ರಹರಿಯನ್ನು ಓಡಿಸುವರು. ಅದು ಎಲ್ಲವನ್ನೂ ತಡಕಿ, ವೈರಸ್ ಇಲ್ಲ ಎಂದು ಬರೆಯುವುದು. ಅದನ್ನು ಪ್ರಿಂಟ್ ತೆಗೆದು ದೇವರ ಗೂಡಿನ ಪಕ್ಕ ಅಂಟಿಸುವರು. ಪರಸ್ಥಳದ ಫ್ಲಾಪಿ ಹೊಸಲು ದಾಟುವಂತಿರಲಿಲ್ಲ. ಅವರ ಅಜ್ಜಿ ಅಡಿಗೆಮನೆಗೂ ಅಷ್ಟು ಮಡಿ ಇಟ್ಟಿರಲಾರರು. ಒಮ್ಮೆ ಕೃಷ್ಣಾಜಿ ನೀರಿನ ಸಮಯದ ನೋಟಿಸನ್ನು ಪ್ರಿಂಟ್ ಮಾಡಿಸಲು ಫ್ಲಾಪಿ ತಂದರು. ಅವರ ಪ್ರಿಂಟರ್ ಕೆಟ್ಟಿತ್ತು. ರಾಯರು ಫ್ಲಾಪಿಯನ್ನು ಮುಟ್ಟಲೂ ಇಲ್ಲ. ಕೃಷ್ಣಾಜಿ ಮೇಲೆ ಹೋಗಿ ಓದಿ, ನೆನಪಿಟ್ಟುಕೊಂಡು ಬಂದು, ಹೊಸಲಿನಾಚೆ ನಿಂತು ಹೇಳಿದರು. ರಾಯರು ಒಳಗೆ ಕೂತು ಟೈಪ್ ಮಾಡಿದರು. ಸೊಸೈಟಿಯ ಸೆಕ್ರೆಟರಿ, ನಿವೃತ್ತ ಹೆಡ್‌ಮಾಸ್ತರು, ಪಾಠ ಒಪ್ಪಿಸುವ ಹುಡುಗನಂತೆ ಕೈಕಟ್ಟಿ ನಿಂತದ್ದನ್ನು ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಪೂರಾ ನೋಡಿದೆ.

ಒಳಗೆ ಬರಲು ಅಪ್ಪಣೆ ಇದ್ದದ್ದು ಒಂದೇ ಫ್ಲಾಪಿಗೆ. ರಾಯರು ದಿನಾ ಕಚೇರಿಯಿಂದ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದ ಅವರ ಸ್ವಂತ ಫ್ಲಾಪಿ. ತಮ್ಮದೇ ಜೇಬು, ತಮ್ಮದೇ ಎದೆ. ಅದಕ್ಕೆ ಮೈಲಿಗೆ ಎಲ್ಲಿಂದ ಬರಬೇಕು?

ಇನ್ನೂ ಒಂದು ವಿಶೇಷವನ್ನು ಹೇಳಬೇಕು. ಹೋದ ದೀಪಾವಳಿಯಿಂದ ಆ ಕಂಪ್ಯೂಟರಿನ ಪರದೆಯ ಮೇಲೆ ಆಗಾಗ ಅಕ್ಷರಗಳು ಉದುರುತ್ತಿದ್ದವು. ಚೆನ್ನಾಗಿಯೇ ಕೂತಿದ್ದ ಒಂದು ಅಕ್ಷರ ಕಳಚಿ ತಳಕ್ಕೆ ಬೀಳುವುದು, ಹಿಂದೆಯೇ ಇನ್ನೊಂದು. ಕೊನೆಗೆ ಎಲ್ಲ ತಳದಲ್ಲಿ ರಾಶಿ. ಬೇರೆಯವರಾದರೆ ಹೆದರುತ್ತಿದ್ದರು. ರಾಯರು ಸಂತೋಷಪಟ್ಟರು. ಅದು ಪ್ರಹರಿ ತನ್ನ ಕೆಲಸ ಮಾಡುತ್ತಿರುವ ಲಕ್ಷಣವೆಂದು ಅವರು ತೀರ್ಮಾನಿಸಿದ್ದರು. ಮೊರದಲ್ಲಿ ಅಕ್ಕಿ ಕೇರುವಾಗ ಹೊಟ್ಟು ಬೀಳುವುದಿಲ್ಲವೇ, ಹಾಗೆ. ಮನೆಗೆ ಬಂದವರನ್ನೆಲ್ಲ ಕೂಡಿಸಿ ತೋರಿಸುತ್ತಿದ್ದರು. ನನ್ನ ಯಜಮಾನರಿಗೂ ತೋರಿಸಿದರು. “ನೋಡ್ರಿ, ಹ್ಯಾಂಗ ಸೋಸಲಿಕ್ಕತ್ತದ,” ಎಂದರು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನನ್ನ ಯಜಮಾನರು ಹೌದ್ರಿ ಎಂದು ಬಂದರು.

ಅಂತೂ ಗಾಳಣಿಗಳು ಅಟ್ಟ ಸೇರಿದವು. ರಾಯರು ಹೊಸ ಫ್ಲಾಪಿಗಳ ಡಬ್ಬಿಗಳನ್ನು ತಂದು, ತಮ್ಮ ಯಂತ್ರದಲ್ಲೇ ಒಂದೊಂದಕ್ಕೂ ಪ್ರಹರಿಯನ್ನು ಇಳಿಸಿ, ಮೇಲೆ ಸ್ವಸ್ತಿಕ ಬರೆದು, ಅರಿಷಿಣದ ಬೊಟ್ಟಿಟ್ಟರು. ಜೊತೆಗೆ ಮರಾಠಿಯಲ್ಲಿ ಒಂದು ಚೀಟಿ: ಮೊದಲು ಫ್ಲಾಪಿ ಒಳಗೆ ಹಾಕಿ, ಆಮೇಲೆ ಸ್ವಿಚ್ ಒತ್ತಿ.

ಸಂಕ್ರಾಂತಿಯ ಮರುದಿನ ಸಂಜೆ ನಾವೆಲ್ಲ ಹೋದೆವು. ಎಳ್ಳುಂಡೆ ಚೆನ್ನಾಗಿದ್ದವು. ಆಮೇಲೆ ಇಂದೂ ತಟ್ಟೆಯಲ್ಲಿ ಫ್ಲಾಪಿಗಳನ್ನು ತಂದಳು. ಅವಳ ಮುಖ ನೋಡಿದರೆ ಯಾರದೋ ಚಪ್ಪಲಿಯನ್ನು ತಟ್ಟೆಯಲ್ಲಿಟ್ಟು ತಂದವಳ ಹಾಗಿತ್ತು. ನೆಲಮಹಡಿಯ ಒಬ್ಬಾಕೆ ಅದನ್ನು ಮೂಸಿ ನೋಡಿ, ಇದನ್ನು ಹಚ್ಚಿದರೆ ಸೊಳ್ಳೆ ಎಷ್ಟು ಹೊತ್ತು ಬರುವುದಿಲ್ಲ ಎಂದು ಕೇಳಿದಳು. ಶಾಮಲಾತಾಯಿ ಫ್ಲಾಪಿಯನ್ನು ಹಿಂದೆ ಮುಂದೆ ತಿರುಗಿಸಿ, ಇದು ಯಾವುದಕ್ಕೆ ಎಂದರು.

ಅರಿಷಿಣ ಕುಂಕುಮದಲ್ಲಿ ಗಂಡಸರು ಒಳಗಿನ ಕೋಣೆಯಲ್ಲಿ ಕೆಮ್ಮದೆ ಕೂತಿರಬೇಕು. ರಾಯರಿಗೆ ಅದು ಆಗಲಿಲ್ಲ. ಪರದೆ ಸರಿಸಿ ಹೊರಬಂದು ಭಾಷಣವನ್ನೇ ಮಾಡಿದರು. ನಿಮ್ಮ ಯಂತ್ರದಲ್ಲಿ ಏನೇನು ಕೊಳೆ ಅಡಗಿದೆಯೋ ಯಾರು ಬಲ್ಲರು, ಇನ್ನು ಮೇಲೆ ಈ ಕಾವಲುಗಾರ ಇದ್ದಾನೆ, ಪರದೆಯ ಮೇಲೆ ಅಕ್ಷರ ಉದುರತೊಡಗಿದರೆ ಗಾಬರಿಯಾಗಬೇಡಿ, ಅದು ಸೋಸುತ್ತಿದೆ ಎಂದು ತಿಳಿಯಿರಿ, ಅದರ ಪಾಡಿಗೆ ಅದನ್ನು ಬಿಡಿ ಎಂದರು. ಕೃಷ್ಣಾಜಿಯವರ ಮನೆಯಲ್ಲಿ ಸೊಸೈಟಿಯ ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ. ಶಾಮಲಾತಾಯಿಗೆ ಇದು ಹಿಡಿಸಿತು. ಬಟ್ಟಲು ಬಟ್ಟಲು ಎಂದು ಬೇಸರ ಬಂದಿತ್ತು, ಇವರೊಬ್ಬರು ತಲೆ ಓಡಿಸಿದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೊರಡುವಾಗ ಇಂದೂಳ ಹಣೆಗೆ ಕುಂಕುಮ ಹಚ್ಚಿ, ರಥಸಪ್ತಮಿಗೆ ಮೇಲೆ ಬಾ ಎಂದರು. ಪಕ್ಕದಲ್ಲೇ ಇದ್ದೆನೆಂದು ನನಗೂ ಹಚ್ಚಿದರು.

ಅವತ್ತು ಇಂದೂ ನನ್ನ ಕೈ ಹಿಡಿದುಕೊಂಡು, ಗಂಡ ಹೇಳಿದ್ದೇ ಖರೆ ಆಯಿತಲ್ಲ ಎಂದಳು. ಖರೆ ಆದದ್ದು ಮೂರ್ನಾಲ್ಕು ದಿನ ಮಾತ್ರ.

ಮೊದಲು ಉದುರಿದ್ದು ಕೃಷ್ಣಾಜಿಯವರ ಮನೆಯಲ್ಲಿ. ಅವರು ರಾಯರನ್ನು ಕರೆಸಿದರು. ರಾಯರು ಪರದೆ ನೋಡಿ ಅಭಿನಂದನೆ ಹೇಳಿದರು. ಸರ್, ಎಷ್ಟು ಕೊಳೆ ಇತ್ತು ನೋಡಿ, ಮುಟ್ಟಬೇಡಿ, ಪೂರ್ತಿ ಉದುರಲಿ. ಹೆಡ್‌ಮಾಸ್ತರು ಕುರ್ಚಿ ಹಾಕಿಕೊಂಡು ಕೈಕಟ್ಟಿ ಕೂತರು. ಎದುರಿಗೆ ವರ್ಷದ ಲೆಕ್ಕವೆಲ್ಲ ಕಳಚಿ ಬೀಳುತ್ತಿತ್ತು; ಇವರು ಅಭಿಷೇಕ ನೋಡುವವರ ಭಕ್ತಿಯಿಂದ ನೋಡುತ್ತಿದ್ದರು. ಆಮೇಲೆ ಮನೆಮನೆಯಲ್ಲೂ ಶುರುವಾಯಿತು. ಮೆಟ್ಟಿಲ ಮೇಲೆ ಭೇಟಿಯಾದವರು ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು, ನಿಮ್ಮದು ಉದುರಿತೇ ಎಂದು ಕೇಳತೊಡಗಿದರು. ಹೆಚ್ಚು ಉದುರಿದವರಿಗೆ ಹೆಚ್ಚು ಮಾನ.

ನೆಲಮಹಡಿಯ ಅಂಬಾದಾಸನ ಮನೆಯಲ್ಲಿ ಮಾತ್ರ ಏನೂ ಉದುರಲಿಲ್ಲ. ಅವನು ಬ್ಯಾಂಕಿನಲ್ಲಿ ಕ್ಯಾಶಿಯರು. ತನಗೆ ಕಡಿಮೆ ಬಂತು ಎನ್ನುವ ಅನುಮಾನ ಅವನ ಹುಟ್ಟುಗುಣ. ನೇರವಾಗಿ ರಾಯರ ಬಾಗಿಲಿಗೆ ಬಂದು ಜಗಳ ತೆಗೆದ.

“ಎಲ್ಲಾರಿಗೂ ಚೊಲೋದು ಕೊಟ್ಟು ನಮಗಷ್ಟ ಡಿಫೆಕ್ಟಿವ್ ಪೀಸ್ ಕೊಟ್ಟೀರೇನ್ರಿ? ನಾವೂ ಕನ್ನಡದವರ ಇದ್ದೇವಿ, ಮಾರ್ತಾಂಡರಾವ್. ನಮ್ಮವರಿಗೆ ನಮ್ಮವರ ಹಿಂಗ ಮಾಡಿದ್ರ ಹ್ಯಾಂಗ?”

ರಾಯರು ಕೆಳಗೆ ಹೋಗಿ ನೋಡಿದರು. ಅಂಬಾದಾಸನ ಹೆಂಡತಿ ಚೀಟಿ ಓದದೆ, ಮೊದಲು ಸ್ವಿಚ್ ಒತ್ತಿ ಆಮೇಲೆ ಫ್ಲಾಪಿ ಹಾಕಿದ್ದಳು. ರಾಯರು ವಿಧಿಪೂರ್ವಕವಾಗಿ ತಾವೇ ಮಾಡಿಸಿದರು: ಮೊದಲು ಫ್ಲಾಪಿ, ಆಮೇಲೆ ಸ್ವಿಚ್ಚು. ಬೀಳಲಿಲ್ಲ. ಮತ್ತೆ ಮಾಡಿಸಿದರು. ಮರುದಿನ ಸಂಜೆ ಅಂಬಾದಾಸ ಓಡುತ್ತಾ ಮೇಲೆ ಬಂದು, ಮೊಮ್ಮಗ ಹುಟ್ಟಿದವನಂತೆ ಪೇಢೆ ಹಂಚಿದ. ಅವನದೂ ಉದುರಿತ್ತು.

ಹೀಗೆ ಕಟ್ಟಡದಲ್ಲಿದ್ದ ಎಲ್ಲ ಕಂಪ್ಯೂಟರುಗಳೂ ಒಂದೇ ಮಟ್ಟಕ್ಕೆ ಬಂದ ಮೇಲೆ, ರಥಸಪ್ತಮಿಯ ಹಿಂದಿನ ಭಾನುವಾರ ಸೊಸೈಟಿಯ ವಾರ್ಷಿಕ ಸಭೆ ಬಂತು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಕೃಷ್ಣಾಜಿ ಎದ್ದು ನಿಂತು, ಈ ಸಲ ಲೆಕ್ಕ ತೋರಿಸಲು ಆಗುವುದಿಲ್ಲ, ಲೆಕ್ಕ ಇನ್ನೂ ಸೋಸುತ್ತಿದೆ ಎಂದರು. ಹಿಂದಿನ ಸಾಲಿನಲ್ಲಿದ್ದ ಯಾರೋ, ನೀರಿನ ಟ್ಯಾಂಕಿಯ ದುಡ್ಡನ್ನೂ ಸೋಸಿದಿರೇನು ಎಂದು ಕೇಳಿದರು. ಜೀವಮಾನವಿಡೀ ಮಕ್ಕಳ ಕಾಪಿ ಹಿಡಿದ ಮನುಷ್ಯ ಕೃಷ್ಣಾಜಿ. ಅವರ ಕಿವಿ ಕೆಂಪಾಯಿತು. ಸಭೆಯನ್ನು ಅಲ್ಲೇ ಕೂಡಿಸಿಟ್ಟು, ಸ್ಕೂಟರ್ ಹತ್ತಿ ಹೋಗಿ ಮಾರ್ಕೆಟ್ ಯಾರ್ಡಿನ ಗೇಟಿನ ಹತ್ತಿರದ ಕಂಪ್ಯೂಟರ್ ರಿಪೇರಿಯವನನ್ನು ಹಿಂದೆ ಕೂರಿಸಿಕೊಂಡು ಬಂದರು.

ದೇವದಾಸ್ ಎಂಬ ಈ ರಿಪೇರಿಯವನು ಬೆಳಗಾವಿ ಕಡೆಯವನು. ಹತ್ತು ಮಾತಾಡಿ ಒಂದು ಸ್ಕ್ರೂ ಬಿಚ್ಚುವ ಮನುಷ್ಯ. ಮೇಲೆ ಹೋಗಿ ಯಂತ್ರ ನೋಡಿದವನು ಫ್ಲಾಪಿ ಹಿಡಿದುಕೊಂಡು ನಗುತ್ತಲೇ ಕೆಳಗಿಳಿದ. ಇಷ್ಟು ಕೊಬ್ಬಿದ ವೈರಸ್ಸನ್ನು ತಾನು ಇತ್ತೀಚೆಗೆ ನೋಡಿರಲಿಲ್ಲ ಎಂದು ಮರಾಠಿಯಲ್ಲಿ ಸಭೆಗೆ ತಿಳಿಸಿದ. ಇದು ಎಲ್ಲಿಂದ ಬಂತು ಎಂದು ಕೇಳಿದ. ಸಭೆ ಒಟ್ಟಾಗಿ ರಾಯರ ಕಡೆ ತಿರುಗಿತು.

ರಾಯರು ಎದ್ದು ನಿಂತು, ನನ್ನ ಯಂತ್ರದೊಳಗ ಪರರ ಫ್ಲಾಪಿ ಬಂದಿಲ್ಲ, ಪ್ರಹರಿ ವಾರಾವಾರ ಸರ್ಟಿಫಿಕೇಟ್ ಕೊಟ್ಟಾನ, ಬೇಕಾದರ ತಂದು ತೋರಸ್ತೀನಿ ಎಂದರು. ಹೇಳಿ ಸುಮ್ಮನಿದ್ದಿದ್ದರೆ ಅರ್ಧ ಮಾನ ಉಳಿಯುತ್ತಿತ್ತೇನೋ. ನಿಜವಾಗಿಯೂ ಹೋಗಿ ದೇವರ ಪಕ್ಕದ ಕಾಗದಗಳನ್ನೆಲ್ಲ ಕಿತ್ತು ತಂದರು.

ದೇವದಾಸ್ ಅವುಗಳನ್ನು ಒಂದೊಂದಾಗಿ ನೋಡಿ, ಗೌರವದಿಂದ ಮಡಚಿ ಅವರ ಕೈಗೇ ಕೊಟ್ಟ.

“ಸಾಹೇಬ್ರ, ನಿಮ್ಮ ಕಾವಲುಗಾರಂದು ಏನೂ ತಪ್ಪಿಲ್ಲ. ಅವನ ಕೈಯಾಗ ಕೊಟ್ಟ ಕಳ್ಳರ ಫೋಟೋ ಎರಡು ವರ್ಷದ ಹಿಂದಿನವು. ಹೊಸಾ ಫೋಟೋ ನೀವು ತಂದು ಕೊಟ್ಟೇ ಇಲ್ಲ. ಈ ಕಳ್ಳ ಹುಟ್ಟಿದ್ದ ಹೋದ ವರ್ಷ. ಪಾಪ, ಅವಂಗ ಗುರ್ತು ಹ್ಯಾಂಗ ಹತ್ತಬೇಕು? ಸಲಾಮ್ ಹೊಡದು ಒಳಗ ಬಿಟ್ಟಾನ.”

“ಆದ್ರ ಬಂದದ್ದು ಎಲ್ಲಿಂದ?” ಎಂದರು ರಾಯರು.

“ನಿಮ್ಮ ಆಫೀಸಿನ ಮಷೀನ್ ರಿಪೇರಿ ಮಾಡಾಂವಾ ನಾನ ಅಲ್ರಿ? ಊರಾಗಿನ ಲಾರಿ ಏಜಂಟರ ಫ್ಲಾಪಿ ಎಲ್ಲಾ ಅದರಾಗ ಹಾಯತಾವ. ಅದರಾಗ ಹಾಕಿ ತಗದ ಫ್ಲಾಪಿ ನೀವು ಜೇಬಿನ್ಯಾಗ ಇಟಗೊಂಡು ಮನಿಗೆ ಬರ್ತೀರಿ.” ಅವನು ಇನ್ನೂ ಒಂದು ಮಾತು ಸೇರಿಸಿದ. “ಫ್ಲಾಪಿ ಹಾಕಿ ಸ್ವಿಚ್ ಒತ್ರಿ ಅಂತ ಚೀಟಿ ಬ್ಯಾರೆ ಬರದೀರಿ. ಇದು ಹರಡೂದ ಹಂಗ. ಕಳ್ಳಗ ಮನಿಮನಿ ಬಾಗಲಾ ತಗದು, ಒಳಗ ಬಾರಪಾ ಅಂತ ಆರತಿ ಮಾಡಿಸೀರಿ.”

ನಗಬೇಕಾದವರೆಲ್ಲ ನಕ್ಕರು. ರಾಯರನ್ನು ಬಿಟ್ಟರೆ ನಗದೆ ಇದ್ದವರು ಇಬ್ಬರು. ಒಬ್ಬ ಅಂಬಾದಾಸ, ಅವನು ಹಂಚಿದ ಪೇಢೆಯ ಬಗ್ಗೆ ಯೋಚಿಸುತ್ತಿದ್ದ. ಇನ್ನೊಬ್ಬಳು ಇಂದೂ. ಆಮೇಲೆ ಸಭೆ ಬಹಳ ಹೊತ್ತು ಚರ್ಚಿಸಿ, ಇನ್ನು ಮುಂದೆ ಸೊಸೈಟಿಯಲ್ಲಿ ತಿನ್ನಲು, ತೊಡಲು ಅಥವಾ ತೊಳೆಯಲು ಬಾರದ ಯಾವ ವಸ್ತುವನ್ನೂ ವಾಣವಾಗಿ ಕೊಡಬಾರದು ಎಂದು ಸರ್ವಾನುಮತದಿಂದ ಠರಾವು ಪಾಸು ಮಾಡಿತು. ಸೂಚಕರು ಕೃಷ್ಣಾಜಿ, ಅನುಮೋದಕ ಅಂಬಾದಾಸ. ದೇವದಾಸ್ ಅವತ್ತಿನಿಂದಲೇ ಮನೆಮನೆಯ ಯಂತ್ರ ತೊಳೆಯಲು ಹಿಡಿದ. ರಾಯರನ್ನು ಕಂಡಾಗಲೆಲ್ಲ ಕೈಮುಗಿದು, ಮುಂದಿನ ಸಂಕ್ರಾಂತಿಗೆ ಏನು ವಿಚಾರ ಅದರಿ ಎಂದು ಕೇಳುತ್ತಿದ್ದ.

ಸಭೆ ಮುಗಿದು ಎಲ್ಲರೂ ಏಳುವಾಗ ಶಾಮಲಾತಾಯಿ ಇಂದೂಳ ಹತ್ತಿರ ಬಂದು ಬಹಳ ಮೃದುವಾಗಿ ಮಾತಾಡಿದರು. ಈ ಸಲ ರಥಸಪ್ತಮಿ ಸಣ್ಣದಾಗಿಯೇ ಮಾಡುವುದು, ಮನೆಯೂ ಇಕ್ಕಟ್ಟು, ನಿನಗೂ ಈಗ ಎಷ್ಟೋ ಓಡಾಟ ಇರುತ್ತದೆ ಎಂದರು. ಪುಣೆಯವರು ಅವಮಾನವನ್ನೂ ಎಳ್ಳುಂಡೆಯೊಳಗೆ ಇಟ್ಟು ಕೊಡುತ್ತಾರೆ. ಬಾಯಲ್ಲಿ ಕರಗಿದ ಮೇಲೆಯೇ ತಿಳಿಯುವುದು. ಇಂದೂ ಆಗಲಿ ಎಂದಳು. ಅವಳ ಹಿಂದೆಯೇ ನಿಂತಿದ್ದ ನನ್ನ ಕಡೆ ಅವರು ನೋಡಲೂ ಇಲ್ಲ. ನನ್ನ ಕುಂಕುಮ ಹೇಗೂ ಅವಳ ಕುಂಕುಮದ ಬಾಲಂಗೋಚಿ.

ಆ ಫ್ಲಾಪಿಗಳ ಗತಿ ಇನ್ನೂ ಕಷ್ಟದ್ದು. ತಿರುಗಿ ಕೊಡುವಂತಿಲ್ಲ, ಎಸೆಯುವಂತಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬರು ಹಳೆಯ ಪಂಚಾಂಗದ ಕೆಳಗೆ ಮುಚ್ಚಿಟ್ಟರು. ಇನ್ನೊಬ್ಬರು ತುಳಸಿ ಗಿಡದ ಬುಡದಲ್ಲಿಟ್ಟು, ಗಿಡ ಬಾಡೀತೆಂದು ಮತ್ತೆ ತೆಗೆದರು. ನಾನು ಹಾಲಿನ ಲೋಟಕ್ಕೆ ಮುಚ್ಚಿದ್ದೆ. ಅದಕ್ಕೆ ಬಹಳ ಚೆನ್ನಾಗಿತ್ತು. ಪ್ರತಿ ಮನೆಯಲ್ಲೂ ಒಂದು ಕಪ್ಪು ಚೌಕ ಕೂತುಕೊಂಡು, ಕಂಡಾಗಲೆಲ್ಲ ಇಂದೂಳ ಹೆಸರನ್ನು ಹೇಳುತ್ತಿತ್ತು.

ಮರುದಿನ ಬೆಳಿಗ್ಗೆ ಎದುರುಮನೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು. ಅಟ್ಟದಿಂದ ಏನೋ ಇಳಿಯಿತು. ರಾಯರ ದನಿ ನಾನ್ಯಾಕ ಎಂದಿತು. ಇಂದೂಳ ದನಿ, ಬುಟ್ಟಿ ಭಾಳ ವಜ್ಜಾ ಅದ, ಅದಕ್ಕ ಎಂದಿತು.

ಬಾಗಿಲು ತೆರೆದರೆ ಮುಂದೆ ಇಂದೂ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಹಿಂದೆ ಮಾರ್ತಾಂಡರಾಯರು, ತಲೆಯ ಮೇಲೆ ಗಾಳಣಿಯ ಬುಟ್ಟಿ. ಹಳೆಯ ಬಟ್ಟೆ ತಗೊಂಡು ಹೊಸ ಪಾತ್ರೆ ಕೊಡುವ ಹೆಂಗಸರು ಓಣಿಯಲ್ಲಿ ಕೂಗುತ್ತಾರಲ್ಲ, ಅದೇ ರಾಗದಲ್ಲಿ ಇಂದೂ ಕೆಳಗಿಳಿದು ಹೋಗಿ ಮೆಟ್ಟಿಲ ಬುಡದಲ್ಲಿ ನಿಂತು ಮರಾಠಿಯಲ್ಲಿ ಕೂಗಿದಳು:

“ಜುನೀ ಫ್ಲಾಪೀ ದ್ಯಾ, ನವೀ ಗಾಳಣೀ ಘ್ಯಾ.”

ಹಳೇ ಫ್ಲಾಪಿ ಕೊಡಿ, ಹೊಸ ಗಾಳಣಿ ತಗೊಳ್ಳಿ. ತಿರುಗಿ ಕೊಟ್ಟರೆ ದೋಷ. ವ್ಯಾಪಾರ ಮಾಡಿದರೆ ಯಾವ ಶಾಸ್ತ್ರದಲ್ಲಿ ದೋಷವಿದೆ? ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಮೊದಲು ಅವಳನ್ನು ನೋಡಿದರು, ಆಮೇಲೆ ಬುಟ್ಟಿ ಹೊತ್ತ ರಾಯರನ್ನು ನೋಡಿ, ಒಳಗೆ ಹೋಗಿ ಫ್ಲಾಪಿ ತಂದರು. ಕೆಲವರು ನಿಜವಾದ ಪಾತ್ರೆಯವಳ ಜೊತೆ ಮಾಡುವ ಹಾಗೆ ಚೌಕಾಶಿಯನ್ನೂ ಮಾಡಿದರು. ಅಂಬಾದಾಸನ ಹೆಂಡತಿ ಒಂದು ಫ್ಲಾಪಿಗೆ ಎರಡು ಗಾಳಣಿ ಕೇಳಿದಳು. ಡಿಫೆಕ್ಟಿವ್ ಪೀಸಿಗೆ ಎರಡು ಬರುವುದಿಲ್ಲ ಎಂದು ಇಂದೂ ಹೇಳಿದಳು. ಮೊದಲ ಸಲ ಆ ಮೆಟ್ಟಿಲುಗಳಲ್ಲಿ ಅವಳ ಜೊತೆಗೆ ಎಲ್ಲರೂ ನಕ್ಕರು. ರಾಯರು ನೆಲವನ್ನೇ ನೋಡುತ್ತಿದ್ದರು. ಬುಟ್ಟಿ ಹೊತ್ತವರಿಗೆ ಕೈ ಹಿಂದೆ ಕಟ್ಟಿಕೊಂಡು ನಡೆಯಲು ಬರುವುದಿಲ್ಲ.

ಕೊನೆಗೆ ಮೂರನೇ ಮಹಡಿ. ನಾನು ಬೇಕೆಂದೇ ಹಿಂದೆ ಹೋಗಿದ್ದೆ. ಶಾಮಲಾತಾಯಿ ಹೊಸಲಿನಲ್ಲಿ ನಿಂತು ಗಾಳಣಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಜಾಲರಿ ಚೆನ್ನಾಗಿದೆ, ಇದನ್ನೇ ಮೊದಲು ಕೊಡಬಾರದಾಗಿತ್ತೇ ಎಂದು ಅವರು ಕೇಳಿದರು. ಇಂದೂ ತಿರುಗಿ ಬುಟ್ಟಿಯ ಕಡೆ ನೋಡಿದಳು. ಶಾಮಲಾತಾಯಿಯೂ ನೋಡಿದರು. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು. ಈ ಸಲ ನನಗೂ ಬೇರೆಯಾಗಿಯೇ ಹಚ್ಚಿದರು.

“ರಥಸಪ್ತಮಿಗೆ ತಪ್ಪಿಸಬೇಡ,” ಎಂದರು. “ಇವರಿಗೆ ಬೇಸರವಾಗುವುದಿಲ್ಲ ತಾನೇ, ಮನೆಯಲ್ಲಿ ಒಬ್ಬರೇ?”

“ಒಬ್ಬರೇ ಎಲ್ಲಿ?” ಎಂದಳು ಇಂದೂ. “ಉದುರಿದ ಅಕ್ಷರ ಅಷ್ಟು ಬಿದ್ದಿವೆ. ಯಾರಾದರೂ ಗುಡಿಸಬೇಕಲ್ಲ.”

ರಥಸಪ್ತಮಿಯ ಸಂಜೆ ನಾವಿಬ್ಬರೂ ಮಡಿಲಲ್ಲಿ ವಾಣ ಕಟ್ಟಿಕೊಂಡು ಕೆಳಗಿಳಿದಾಗ ಎದುರುಮನೆಯ ಬಾಗಿಲು ತೆರೆದಿತ್ತು. ಕಂಪ್ಯೂಟರಿನ ಮೇಲೆ ಇಳಕಲ್ ಹೊದಿಕೆ ಇರಲಿಲ್ಲ. ಅದನ್ನು ಇಂದೂ ಬಿಚ್ಚಿ ಒಗೆಯಲು ಹಾಕಿದ್ದಳು. ರಾಯರು ತಾವೇ ಚಹಾ ಕಾಸಿಕೊಂಡಿದ್ದರು. ಮನೆಯಲ್ಲಿದ್ದ ಕೊನೆಯ ಗಾಳಣಿಯೂ ಮೇಲಿನ ಮಹಡಿಗೆ ಹೋಗಿತ್ತು. ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡದೆ ಕೂತು, ಚಹಾದ ಪುಡಿ ಒಂದೊಂದಾಗಿ ತಳಕ್ಕೆ ಇಳಿಯುವುದನ್ನು ಕಾಯುತ್ತಿದ್ದರು.